ಅತ್ತೆಯ ರೊಟ್ಟಿ ಬೆರಳು ಮತ್ತು ಓಗೊಡದ ಗಾಜು

ನಮ್ಮ ಅತ್ತೆಯ ಹಳೆಯ ಗುಂಡಿ ಫೋನು ಎಮ್ಮೆಗೆ ಇಟ್ಟ ನೀರಿನ ಬಕೆಟ್ಟಿನಲ್ಲಿ ಬಿದ್ದು ಪ್ರಾಣ ಬಿಟ್ಟಿತು. ನನ್ನ ಗಂಡ ಮಾರನೆಯ ದಿನವೇ ವಿಜಯಪುರಕ್ಕೆ ಹೋಗಿ, ಅಂಗೈಗಿಂತ ಅಗಲವಾದ ಸ್ಮಾರ್ಟ್‌ಫೋನೊಂದನ್ನು ತಂದು ಅವರ ಕೈಗಿಟ್ಟರು. ಅದಕ್ಕೆ ಕಾರಣವೂ ಇತ್ತು. ಅತ್ತೆಗೆ ಕಿವಿ ಮಂದ. ಎದುರಿಗಿರುವವರ ತುಟಿ ಕಂಡರೆ ಮಾತು ತಿಳಿಯುತ್ತದೆ, ಕಾಣದಿದ್ದರೆ ಅರ್ಧಕ್ಕರ್ಧ ಹೋಗಿಬಿಡುತ್ತದೆ. ವಿಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತದಲ್ಲ, ಇನ್ನು ತಿಕೋಟಾದಲ್ಲಿರುವ ತನ್ನ ಅಕ್ಕನ ಜೊತೆ ಅವ್ವ ಆರಾಮಾಗಿ ಮಾತಾಡಲಿ ಎಂಬುದು ಮಗನ ಆಸೆ.

ಈ ಅಕ್ಕ-ತಂಗಿಯರು ಕಾಖಂಡಕಿಯ ಒಂದೇ ಮನೆಯಲ್ಲಿ ಬೆಳೆದವರು. ಅಕ್ಕ ತಿಕೋಟಾದ ದ್ರಾಕ್ಷಿ ತೋಟದ ಮನೆ ಸೇರಿದರು, ತಂಗಿ ಬಬಲೇಶ್ವರಕ್ಕೆ ಬಂದರು. ಅಂದಿನಿಂದ ಒಬ್ಬರ ಹೊಟ್ಟೆಯಲ್ಲಿದ್ದ ಮಾತು ಇನ್ನೊಬ್ಬರಿಗೆ ಹೇಳದ ಹೊರತು ಅರಗುವುದಿಲ್ಲ. ಆ ಹೊಟ್ಟೆಯಲ್ಲಿ ಇರುವುದಾದರೂ ಏನು ಅಂತೀರಿ? ಮುಖ್ಯವಾಗಿ ಸೊಸೆಯಂದಿರು. ಅಂದರೆ ಇಲ್ಲಿ ನಾನು, ಅಲ್ಲಿ ನನ್ನಂಥವಳೇ ಇನ್ನೊಬ್ಬಳು. ಗುಂಡಿ ಫೋನಿನ ಕಾಲದಲ್ಲಿ ಅತ್ತೆ ಅದನ್ನು ಕಿವಿಗೆ ಒತ್ತಿಕೊಂಡು ಮಾಳಿಗೆ ಹತ್ತಿದರೆಂದರೆ ನನ್ನ ಹೆಸರು ಎರಡು ಊರುಗಳ ನಡುವೆ ಓಡಾಡುತ್ತಿದೆ ಎಂದೇ ಲೆಕ್ಕ. ಕಿವಿ ಇನ್ನಷ್ಟು ಮಂದವಾದ ಮೇಲೆ ಆ ಸುಖವೂ ಕಡಿಮೆಯಾಗಿತ್ತು. ಹೊಸ ಫೋನು ಅದನ್ನು ಮರಳಿ ಕೊಡಬೇಕಿತ್ತು.

ಮೊದಲ ದಿನವೇ ತಿಕೋಟಾದಿಂದ ಕಾಲ್ ಬಂತು. ಫೋನು ನೆಲದ ಮೇಲೆ ಗುಂಯ್ ಗುಂಯ್ ಎಂದು ನಡುಗುತ್ತಾ ಸರಿದಾಡತೊಡಗಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಇದರ ಮೈಯಾಗ ಯಾರೋ ಬಂದಾರ ನೋಡಬೇ!"

"ಯಾರೂ ಬಂದಿಲ್ರಿ ಅತ್ತೀ. ನಿಮ್ಮಕ್ಕ ಕರಿಯಾಕತ್ತಾರ. ಆ ಹಸಿರು ಗುರುತ ಮ್ಯಾಲಕ್ಕ ಜಗ್ರಿ," ಅಂದೆ.

ಅವರು ತೋರುಬೆರಳಿನಿಂದ ಎಳೆದರು. ಫೋನು ಕ್ಯಾರೇ ಅನ್ನಲಿಲ್ಲ. ಮತ್ತೆ ಎಳೆದರು. ಆಮೇಲೆ ಒತ್ತಿದರು. ಅದಕ್ಕೂ ಬಗ್ಗದಾಗ, ರೊಟ್ಟಿ ಬಡಿದು ರೂಢಿಯಾದ ಕೈಯಲ್ಲವೇ, ಮೂರು ಬೆರಳು ಕೂಡಿಸಿ ಗಾಜಿನ ಮೇಲೆ ಪಟಪಟ ಬಡಿದರು. ನಾದಿದ ಹಿಟ್ಟು ಅಂಟದಿರಲೆಂದು ಬೆರಳನ್ನು ನೀರಿನಲ್ಲಿ ಅದ್ದುವ ಚಾಳಿಯೂ ಇತ್ತಲ್ಲ, ಪಕ್ಕದ ಚರಿಗೆಯಲ್ಲಿ ಬೆರಳದ್ದಿ ಇನ್ನೊಮ್ಮೆ ಬಡಿದರು. ನೀರ ಹನಿ ಬಿದ್ದದ್ದೇ ತಡ, ಫೋನಿಗೆ ದಿಕ್ಕು ತಪ್ಪಿತು. ಕಾಲ್ ಕಟ್ಟಾಗಿ, ಟಾರ್ಚು ಹತ್ತಿ, ಅತ್ತೆಯ ಗದ್ದದ ಫೋಟೋ ಬಂತು.

"ಇದಕ್ಕ ನಾ ಸೇರೂದಿಲ್ಲ," ಎಂದು ಅವರು ಫೋನನ್ನು ನನ್ನ ಕಡೆ ನೂಕಿದರು.

ಆವತ್ತಿನಿಂದ ಕಾಲ್ ಎತ್ತುವ ಕೆಲಸ ನನ್ನದು, ನಾನಿಲ್ಲದಾಗ ನನ್ನ ಗಂಡನದು. ಎತ್ತಿ ಕೊಟ್ಟರೆ ಸಾಕಾಗುತ್ತಿರಲಿಲ್ಲ. ಬೇಕಾದ ಬೆರಳು ಮುಟ್ಟಿದ್ದು ತಿಳಿಯದ ಆ ಫೋನಿಗೆ, ಬೇಡವಾದ ಅಂಗೈಯ ಅಂಚು ತಾಗಿದ್ದು ಮಾತ್ರ ಥಟ್ಟನೆ ತಿಳಿಯುತ್ತಿತ್ತು. ಅತ್ತೆ ಹಿಡಿದರೆ ಕಾಲ್ ಕಟ್ಟಾಗುತ್ತಿತ್ತು. ಹಾಗಾಗಿ ನಾನೇ ಅವರ ಮುಖದ ಮುಂದೆ ಫೋನು ಹಿಡಿದು, ಮದುವೆಯ ಫೋಟೋ ತೆಗೆಯುವವನ ಹಾಗೆ ನಿಂತಿರಬೇಕಿತ್ತು. ಅಕ್ಕ-ತಂಗಿಯರ ಮಾತುಕತೆ ಆಗ ಹೀಗಿರುತ್ತಿತ್ತು:

"ಊಟ ಆತೇನಬೇ?"

"ಆತು. ನಿಂದು?"

"ಆತು. ಸೊಸಿ ಹೆಂಗದಾಳ?"

ಅತ್ತೆ ಫೋನಿನ ಹಿಂದಿದ್ದ ನನ್ನ ಮುಖವನ್ನೊಮ್ಮೆ ನೋಡುತ್ತಿದ್ದರು. "ಬಂಗಾರದಂಥಾಕಿ ಅದಾಳ."

ಬೆಳಿಗ್ಗೆಯಷ್ಟೇ ನನ್ನ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿ ಅಲ್ಲ, ಚಪ್ಪಲಿ ಅಟ್ಟಿ" ಎಂದಿದ್ದವರು ಅವರೇ. ಬಂಗಾರ ಎಂದು ಹೇಳುವಾಗ ಅವರ ಮುಖ ಹಾಗಲಕಾಯಿ ತಿಂದಂತಾಗುತ್ತಿತ್ತು. ನನಗೆ ಮೊದಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಅತ್ತೆ ದಿನೇ ದಿನೇ ಮಂಕಾದರು. ಮಾತಿಗೆ ಕರೆದರೆ ಹೂಂ, ಹಾಂ ಅಷ್ಟೇ. ಒಂದು ಸಂಜೆ ಮಗನೇ ಕೇಳಿದರು, "ಯಾಕವ್ವಾ, ಮೈಯಾಗ ಆರಾಮ ಇಲ್ಲೇನು?" ಅತ್ತೆ ಹೊಟ್ಟೆ ಮುಟ್ಟಿ ತೋರಿಸಿದರು. "ಮಾತು ಇಲ್ಲೇ ಕಟ್ಟಿ ಕುಂತೈತಿ ಯಪ್ಪಾ. ಅಕ್ಕನ ಕೂಡ ಒಬ್ಬಾಕೀನ ಕುಂತು ಮಾತಾಡಿ ಎಷ್ಟ ದಿನಾ ಆತು."

ಜೀಪು ಹತ್ತಿ ತಿಕೋಟಾಕ್ಕೆ ಹೋಗಿ ಬನ್ನಿ ಅಂದೆವು. ಹೋದರು ಕೂಡ. ಆದರೆ ಅಲ್ಲಿ ಮನೆ ತುಂಬ ಜನ, ಒಣದ್ರಾಕ್ಷಿಯ ಹಂಗಾಮು, ಆ ಸೊಸೆ ತಲೆಬಾಗಿಲಲ್ಲೇ ಚಹಾ ಹಿಡಿದು ನಿಂತಿದ್ದಳಂತೆ. ಅಕ್ಕ-ತಂಗಿ ಇಬ್ಬರೂ ಅವಳನ್ನು ಬಂಗಾರ ಎಂದು ಹೊಗಳಿದ್ದಷ್ಟೇ ಬಂತು, ಅತ್ತೆ ಎದ್ದು ಬಂದರು.

ನಾನು ವಿಜಯಪುರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಮಕ್ಕಳಿಗೆ ವಿದ್ಯುತ್ತಿನ ಪಾಠ ಗಂಟಲು ಹರಿಯುವಂತೆ ಹೇಳುವವಳ ಮನೆಯಲ್ಲೇ ಒಂದು ಗಾಜು ಓಗೊಡುವುದಿಲ್ಲವೆಂದರೆ ನನ್ನ ಜಂಭಕ್ಕೆ ಪೆಟ್ಟು. ಸಾಲದ್ದಕ್ಕೆ ನನಗೆ ತಾಳ್ಮೆಯೂ ಅಷ್ಟಕ್ಕಷ್ಟೇ. ಶಾಲೆ ಬಿಟ್ಟ ಮೇಲೆ ಫೋನನ್ನು ಪೇಟೆಯ ಮೊಬೈಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಒಂದೇ ಬೆರಳಿನಲ್ಲಿ ಸರಸರ ಎಲ್ಲ ತೆರೆದು ತೋರಿಸಿ, "ಫೋನ್ ಚಲೋ ಐತ್ರಿ ಟೀಚರ್. ಬೊಟ್ಟ ನೋಡ್ಕೋರಿ," ಎಂದು ತನ್ನ ಬೆರಳು ಎತ್ತಿ ತೋರಿಸಿದ. ಮೇಲೆ ಅಂಟಿಸಿದ್ದ ದಪ್ಪನೆಯ ರಕ್ಷಣೆಯ ಗಾಜನ್ನು ಕಿತ್ತು, ಸೆಟ್ಟಿಂಗ್ಸಿನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸಿಕೊಟ್ಟ. ಬಸ್ಸಿನಲ್ಲಿ ಬರುವಾಗ ಗೆದ್ದೆನೆಂದುಕೊಂಡೆ. ಮನೆಯಲ್ಲಿ ಅತ್ತೆ ಎಳೆದರು. ಹತ್ತಕ್ಕೊಮ್ಮೆ ಓಗೊಟ್ಟಿತು. ಅದೂ ಕಾಲ್ ನಿಂತ ಮೇಲೆ.

ಆಗ ಕೂತು ಅವರಿಗೆ ತಿಳಿಸಿ ಹೇಳಿದೆ. ಈ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿಗಳ ಬಲೆ ಇದೆ. ಅದರ ತುಂಬ ಒಂದಿಷ್ಟೇ ಇಷ್ಟು ಕರೆಂಟು ನಿಂತಿರುತ್ತದೆ. ನಮ್ಮ ಮೈಯೂ ಕರೆಂಟು ಹಾಯುವ ವಸ್ತುವೇ. ಬೆರಳು ಹತ್ತಿರ ಬಂದರೆ ಆ ಜಾಗದ ಕರೆಂಟು ಚೂರು ಬೆರಳಿನ ಕಡೆ ವಾಲುತ್ತದೆ, ಎಲ್ಲಿ ಕಡಿಮೆಯಾಯಿತೆಂದು ನೋಡಿ ಫೋನು ಬೆರಳಿನ ಜಾಗ ಹಿಡಿಯುತ್ತದೆ. ಒತ್ತುವುದು ಬೇಕಿಲ್ಲ, ಬಡಿಯುವುದಂತೂ ಬೇಡವೇ ಬೇಡ. ಆದರೆ ಬೆರಳ ತುದಿ ಒಣಗಿ ದಡ್ಡುಗಟ್ಟಿದ್ದರೆ ಒಳಗಿನ ಹಸಿ ಚರ್ಮಕ್ಕೂ ಗಾಜಿಗೂ ನಡುವೆ ಗೋಡೆ ಎದ್ದಂತೆ. ಗಾಜಿಗೆ ಬೆರಳು ಬಂದದ್ದೇ ಗೊತ್ತಾಗುವುದಿಲ್ಲ.

ಅತ್ತೆ ನನ್ನ ತುಟಿಯನ್ನೇ ನೋಡುತ್ತಾ ಪೂರ್ತಿ ಕೇಳಿದರು. "ಅಂದ್ರ ರೊಟ್ಟಿ ಬಡೀಯೂದು ಬಿಡಂತಿ?"

"ನಾ ಎಲ್ಲಿ ಹಂಗಂದೆರಿ?"

"ಅಕ್ಕನ ಕೈ ಮೆತ್ತಗಾಗ್ಯಾವ. ಆಕೀ ಸೊಸಿ ರೊಟ್ಟಿ ಬಡೀತಾಳ. ನಾ ಬಿಟ್ರ ಈ ಮನ್ಯಾಗ ತಿನ್ನೂದೇನು? ಅಟ್ಟಿ?"

ರೊಟ್ಟಿಯ ತಂಟೆ ಬಿಟ್ಟು ನಾನು ಬೇರೆ ದಾರಿ ಹುಡುಕಿದೆ.

ಶಾಲೆಯಲ್ಲಿ ಮಕ್ಕಳ ಮುಂದೆ ನನ್ನ ಫೋನನ್ನೇ ಮೇಜಿನ ಮೇಲಿಟ್ಟು, ಯಾವುದರಿಂದ ಮುಟ್ಟಿದರೆ ಓಗೊಡುತ್ತದೆ ಎಂದು ಆಟ ಆಡಿಸಿದೆ. ಪೆನ್ನು, ರಬ್ಬರು, ಬಳೆಚೂರು ಎಲ್ಲ ಸೋತವು. ಯಾರದೋ ಡಬ್ಬಿಯಲ್ಲಿದ್ದ ಎಳೆ ಸೌತೆಕಾಯಿ ಗೆದ್ದಿತು. ಅದರೊಳಗೆ ನೀರು, ನೀರಿನಲ್ಲಿ ಉಪ್ಪಿನಂಶ, ಹಿಡಿದವರ ಇಡೀ ಅಂಗೈಗೂ ಗಾಜಿಗೂ ಅದು ಸೇತುವೆ. ನಾನು ಯುರೇಕಾ ಎನ್ನುವುದೊಂದು ಬಾಕಿ. ಬರುವಾಗ ಸಂತೆಯಿಂದ ಸೌತೆಕಾಯಿ ತಂದೆ. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದು ಗಾಜಿನ ಮೇಲೆ ಎಳೆದರು. ಸಲೀಸು! ನಮ್ಮ ಮನೆಯಲ್ಲಿ ಆವತ್ತು ಹಬ್ಬ. ಸೌತೆಕಾಯಿಗೆ ಕಿಟಕಿಯ ಹತ್ತಿರ ಫೋನಿನ ಪಕ್ಕ ಜಾಗ ಸಿಕ್ಕಿತು.

ಮರುದಿನ ಮಧ್ಯಾಹ್ನ ನನ್ನ ಗಂಡ ಹೊಲದಿಂದ ಹಸಿದು ಬಂದರು. ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಕೂತವರು ಕಿಟಕಿಯಲ್ಲಿದ್ದ ಸೌತೆಕಾಯಿಯನ್ನು ಕಚಕಚ ಕಡಿದು ಮುಗಿಸಿದರು. ಉತ್ತರ ಕರ್ನಾಟಕದ ಗಂಡಸಿನ ಕಣ್ಣಿಗೆ ರೊಟ್ಟಿಯ ಹತ್ತಿರ ಬಿದ್ದ ಸೌತೆಕಾಯಿ ಬೇರೆ ಏನಾಗಿ ಕಾಣಬೇಕು? ಕೈ ತೊಳೆಯಲು ಅವರು ಹಿತ್ತಲಿಗೆ ಹೋದಾಗಲೇ ತಿಕೋಟಾದ ಕಾಲ್ ಬಂತಂತೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಅಕ್ಕ-ತಂಗಿಯರು ಹಿಂದಿನ ದಿನವೇ ಆ ಹೊತ್ತನ್ನು ಗೊತ್ತುಮಾಡಿಕೊಂಡಿದ್ದರು. ಅತ್ತೆ ಸೌತೆಕಾಯಿ ಹುಡುಕಿದರು, ಬೆರಳಿನಿಂದ ಎಳೆದರು, ಸೆರಗಿನಿಂದ ಗಾಜು ಒರೆಸಿ ಮತ್ತೆ ಎಳೆದರು. ಫೋನು ನಡುಗಿ ನಡುಗಿ ಸುಮ್ಮನಾಯಿತು.

ನಾನು ಸಂಜೆ ಬಂದಾಗ ಮನೆಯಲ್ಲಿ ಗಾಳಿಯೂ ಆಡುತ್ತಿರಲಿಲ್ಲ. ನನ್ನ ಗಂಡ ಬಾಗಿಲಲ್ಲೇ ಪಿಸುಗುಟ್ಟಿದರು, "ಸೌತಿಕಾಯಿ ನಾ ತಿಂದೇನಿ. ನೀ ಸ್ವಲ್ಪ ನೋಡು." ಅತ್ತೆ ಒಲೆಯ ಮುಂದೆ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.  ನಾನು ಪಕ್ಕದಲ್ಲಿ ಕೂತು ಅವರ ಬಲಗೈ ಹಿಡಿದುಕೊಂಡೆ. ಈ ಮನೆಗೆ ಬಂದು ಇಷ್ಟು ಕಾಲವಾದರೂ ಆ ಕೈಯನ್ನು ನಾನು ಹಾಗೆ ಹಿಡಿದದ್ದೇ ಇಲ್ಲ.

ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುವ ಬೆರಳುಗಳು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯೂ ನುಣ್ಣಗೆ, ಗಟ್ಟಿಯಾಗಿ ಇದ್ದವು. ಗೆರೆಗಳೇ ಇಲ್ಲ. ಉಂಗುರಬೆರಳು ತುಸು ವಾಸಿ. ಕಿರುಬೆರಳಿಗೆ ಬಂದೆ. ಅದು ಮೆತ್ತಗಿತ್ತು.

"ಅತ್ತೀ, ರೊಟ್ಟಿ ಹೊಳ್ಳಿಸೂ ಮುಂದ ಈ ಬೊಟ್ಟ ಏನ್ ಮಾಡತೈತ್ರಿ?"

ಅವರು ಗಾಳಿಯಲ್ಲೇ ರೊಟ್ಟಿ ಮಗುಚಿ ತೋರಿಸಿದರು. ಕಿರುಬೆರಳು ಮದುಮಗಳ ಹಾಗೆ ದೂರ ಸರಿದು ನೆಟ್ಟಗೆ ನಿಂತಿತ್ತು. "ಇದು ಏನೂ ಮಾಡೂದಿಲ್ಲ. ಮೈಗಳ್ಳ ಐತಿ."

ಆ ಮೈಗಳ್ಳನನ್ನೇ ಗಾಜಿನ ಮೇಲೆ ಇಡಿಸಿದೆ. ಫೋನು ತಟ್ಟನೆ ತೆರೆದುಕೊಂಡಿತು. ಅತ್ತೆ ನನ್ನ ಮುಖ ನೋಡಿದರು, ಬೆರಳನ್ನು ನೋಡಿಕೊಂಡರು, ಇನ್ನೊಮ್ಮೆ ಮುಟ್ಟಿದರು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಮಗನಿಗೆ, "ಬಾರಲೇ ಒಳಗ, ಸೌತಿಕಾಯಿ ಕಳ್ಳಾ!" ಎಂದು ಕೂಗಿದರು. ಬೈಗುಳ ಕೇಳಿ ನಮಗಿಬ್ಬರಿಗೂ ಜೀವ ಬಂತು.

ಇನ್ನೊಂದು ತೊಡಕಿತ್ತು. ಮುಟ್ಟಿದ್ದು ಫೋನಿಗೆ ತಿಳಿಯಿತೋ ಇಲ್ಲವೋ ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ಹಳೆಯ ಗುಂಡಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಟಿಕ್ ಎಂಬುದು ಬೆರಳಿಗೆ ತಾಗುತ್ತಿತ್ತು. ಇಲ್ಲಿ ಬರೀ ಗಾಜು, ಸದ್ದಾದರೆ ಅವರಿಗೆ ಕೇಳುವುದಿಲ್ಲ. ಹಾಗಾಗಿ ಮುಟ್ಟಿದಾಗಲೆಲ್ಲ ಅದುರುವಂತೆ ಮಾಡಿಕೊಟ್ಟೆ. ಅಂಕಿಗಳ ಮೇಲೆ ಕಿರುಬೆರಳು ಇಟ್ಟರೆ ಒಂದು ಸಣ್ಣ ಮಿಡಿತ. ಒಳಗೆ ಸ್ಪ್ರಿಂಗಿಗೆ ಕಟ್ಟಿದ ಒಂದು ಪುಟ್ಟ ತೂಕದ ಕಲ್ಲಿನಂಥದ್ದು ಆಚೆ ಈಚೆ ಜಿಗಿದು ತಕ್ಷಣ ನಿಲ್ಲುತ್ತದೆ, ಅಷ್ಟೇ. ಬೆರಳು ಮಾತ್ರ ಗುಂಡಿ ಒತ್ತಿದೆನೆಂದೇ ನಂಬುತ್ತದೆ.

"ಸುಳ್ಳ ಗುಂಡಿ?" ಅಂದರು ಅತ್ತೆ.

"ಹೌದ್ರಿ. ನೀವು ಮುಟ್ಟಿದ್ದು ಅದಕ್ಕ ತಿಳೀತು ಅನ್ನೂ ಗುರುತು."

ಅವರು ಒಂದೊಂದೇ ಅಂಕಿ ಮುಟ್ಟಿ ನೋಡಿದರು. "ಕತಿ ಹೇಳೂ ಮುಂದ ಎದುರಿನವರು ಹೂಂ ಅಂತಾರಲ್ಲ, ಹಂಗ ಐತಿ." ದೀರ್ಘ ಗುಂಯ್ ಬಂದರೆ ಅಕ್ಕ ಕರೆಯುತ್ತಿದ್ದಾಳೆ, ಚಿಕ್ಕ ಮಿಡಿತ ಬಂದರೆ ಫೋನು ಹೂಂ ಅಂದಿದೆ. ಈ ಎರಡನ್ನು ಅವರು ಎಷ್ಟು ಬೇಗ ಕಲಿತರೆಂದರೆ, ನಾನು ಪಾಠಕ್ಕೆ ತಯಾರು ಮಾಡಿಕೊಂಡಿದ್ದ ಅರ್ಧ ಮಾತು ನನ್ನಲ್ಲೇ ಉಳಿಯಿತು. ಫೋನು ಈಗ ರೊಟ್ಟಿ ಬಡಿಯುವ ಕಟ್ಟಿಗೆಯ ಮಣೆಯ ಅಂಚಿನಲ್ಲಿ ಇರತೊಡಗಿತು. ಕಾಲ್ ಬಂದರೆ ಗುಂಯ್ ಎಂಬುದು ಮಣೆಯ ಮೂಲಕ ಅವರ ಅಂಗೈಗೇ ಬರುತ್ತದೆ. ಫೋನಿಗೆಲ್ಲ ಜೋಳದ ಹಿಟ್ಟು. ಇರಲಿ.

ಅದಾಗಿ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದೆ. ಒಳಗೆ ಯಾರೂ ಇಲ್ಲ. ಮಾಳಿಗೆಯ ಮೇಲಿಂದ ಅತ್ತೆಯ ದನಿ ಕೇಳಿಸಿತು. ಕಿವಿ ಮಂದವಾದವರ ಮಾತು ಯಾವತ್ತೂ ಜೋರೇ. ಮೆಟ್ಟಿಲ ಮೇಲೆ ನಾಲ್ಕು ಹೆಜ್ಜೆ ಇಟ್ಟವಳು ನಿಂತೆ. ಹಪ್ಪಳದ ಡಬ್ಬಿಗೆ ಫೋನು ಆನಿಸಿ, ಅದರ ಮುಂದೆ ಅವರು ಕಾಲು ಚಾಚಿ ಕೂತಿದ್ದರು. ಬೆನ್ನು ನನ್ನ ಕಡೆಗಿತ್ತು. ಪರದೆಯಲ್ಲಿ ತಿಕೋಟಾದ ಅಕ್ಕನ ಅರ್ಧ ಮುಖ, ಅರ್ಧ ಆಕಾಶ.

"ಫೋನ್ ಹಿಡಿಯಾಕ ಯಾರ ಅದಾರ ಅಲ್ಲೆ?" ಎಂದು ಆ ಕಡೆಯ ದನಿ ಕೇಳಿತು.

"ಯಾರೂ ಇಲ್ಲ. ನಾನ ಎತ್ತೇನಿ. ನಾ ಒಬ್ಬಾಕೀನ ಅದೇನಿ."

ಅದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾದದ್ದು ನನಗೆ ಕಂಡಿತು.  ಆಮೇಲೆ ಇಬ್ಬರೂ ಕಾಖಂಡಕಿಯ ಹುಡುಗಿಯರ ಹಾಗೆ ಕಿಸಕ್ಕನೆ ನಕ್ಕರು. ಅತ್ತೆ ಹಾಗೆ ನಗುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ.

"ಹಂಗಾರ ಈಗ ಖರೇ ಹೇಳು," ಅಂದರು ಅಕ್ಕ. "ಸೊಸಿ ಹೆಂಗದಾಳ?"

ಅತ್ತೆ ಸೆರಗು ಸರಿಮಾಡಿಕೊಂಡು ಫೋನಿನ ಹತ್ತಿರ ಸರಿದರು.

"ಚಂದಂಗ ಕುಂದರು ಬೇ ಅಕ್ಕಾ. ಭಾಳ ಐತಿ."

ಕೇಳಬೇಕೆಂಬ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೂ ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದೆ. ಅಂಗಳದವರೆಗೂ ಅವರ ದನಿ ಬರುತ್ತಿತ್ತು, "ಅಟ್ಟಿ" ಎಂಬಲ್ಲಿಗೆ ಬಂದಿತ್ತು. ಚೀಲ ತೆಗೆದುಕೊಂಡು ಬಾಗಿಲು ಮುಂದೆ ಮಾಡಿ, ಬೇಕಿಲ್ಲದ ಮೆಂತ್ಯೆ ಸೊಪ್ಪು ತರಲು ಪೇಟೆಯ ಕಡೆ ನಡೆದೆ. ದಾರಿಯುದ್ದಕ್ಕೂ ನನಗೆ ನಗು ತಡೆಯಲಾಗಲಿಲ್ಲ.