ಸ್ಪಿಂಡಲಿನೊಳಗಿನ ಕುಂಕುಮ

ನನಗೆ ಮೂಗಿನ ತುದಿಯಲ್ಲೇ ಕೋಪ. ರಾಯದುರ್ಗದ ಸ್ಟೇಷನ್ ರಸ್ತೆಯ ನಮ್ಮ ವರ್ಕ್‌ಶಾಪಿನಲ್ಲಿ ಯಾವ ಯಂತ್ರ ಮೊಂಡಾಟ ಮಾಡಿದರೂ ಮೊದಲು ಅದಕ್ಕೆ ಬೈಯುತ್ತಿದ್ದೆ, ಆಮೇಲೆ ಸ್ಪ್ಯಾನರ್ ಹುಡುಕುತ್ತಿದ್ದೆ. ಅಣ್ಣ ಹಾಗಲ್ಲ. "ಬೈದ್ರ ಅದಕ್ಕೇನ್ ತಿಳೀತೈತಿ? ಒಂದೊಂದಾ ನೋಡ್ಕೊಂತ ಹೋಗು" ಅನ್ನುತ್ತಿದ್ದ.

ಯುದ್ಧದ ಕಾಲ. ಮದರಾಸಿನಿಂದ ಬಿಡಿಭಾಗ ಬರುವುದು ನಿಂತಿತ್ತು. ಎಣ್ಣೆ ಮಿಲ್ಲಿನವರು ಹಲ್ಲು ಮುರಿದ ಚಕ್ರಗಳನ್ನು ಹೊತ್ತು ನಮ್ಮಲ್ಲಿಗೇ ಬರುತ್ತಿದ್ದರು. ಹೊಸ ಚಕ್ರಕ್ಕೆ ಹಲ್ಲು ಕೊರೆಯುತ್ತಿದ್ದುದು ನಮ್ಮ ಹಳೆಯ ಮಿಲ್ಲಿಂಗ್ ಮಿಷನ್ನು, ಅದನ್ನು ನಡೆಸುತ್ತಿದ್ದುದು ಅಣ್ಣ. ತಿರುಗುವ ಕಟರಿನ ಕೆಳಗೆ ಟೇಬಲ್ಲನ್ನು ಹ್ಯಾಂಡಲ್ ಹಿಡಿದು ಒಂದೇ ಸಮನೆ ಸರಿಸಬೇಕು. ಅಂಥ ಕೈ ಇಡೀ ಊರಿನಲ್ಲಿ ಅವನೊಬ್ಬನಿಗೇ ಇತ್ತು. ಮದುವೆಯಾಗದ ಅವನಿಗೆ ಬೇರೆ ಆಸ್ತಿ ಇರಲಿಲ್ಲ, ಬೇಕೂ ಆಗಿರಲಿಲ್ಲ.

ಆ ವರ್ಷ ಆಯುಧಪೂಜೆಗೆ ಮಿಷನ್ನು ತೊಳೆದವನು ನಾನು. ಕಟರ್ ಕೂರುವ ಉದ್ದನೆಯ ಸರಳನ್ನು, ಅದನ್ನು ಹಿಡಿದು ತಿರುಗಿಸುವ ಸ್ಪಿಂಡಲಿನಿಂದ ಬಿಚ್ಚಿ, ಸೀಮೆಎಣ್ಣೆಯಲ್ಲಿ ಉಜ್ಜಿ, ಎಲ್ಲ ಕಡೆ ಅರಿಶಿನ ಕುಂಕುಮ ಹಚ್ಚಿದೆ. ನಮಗೆ ಅನ್ನ ಕೊಡುವ ಬಾಯಿ ಇದೇ ಅಲ್ಲವೇ ಎಂದು ಸ್ಪಿಂಡಲಿನ ತೂತಿನೊಳಗೂ ಬೆರಳಿಟ್ಟು ಧಾರಾಳವಾಗಿ ಬಳಿದೆ. ಕೈಮುಗಿದು, ಸರಳನ್ನು ಮತ್ತೆ ತೂರಿಸಿ ಬಿಗಿದೆ.

ಹಬ್ಬ ಮುಗಿದು ಕೊರೆದ ಮೊದಲ ಚಕ್ರವೇ ಕೆಟ್ಟಿತು. ಸುತ್ತಿಗೊಮ್ಮೆ ಕಟರ್ ಟಕ್ ಎಂದು ಬಡಿಯುತ್ತಿತ್ತು. ಹಲ್ಲುಗಳ ಮೈಯೆಲ್ಲ ಅಲೆ ಅಲೆ. ಅಣ್ಣ ಒಂದೊಂದಾಗಿ ನೋಡುತ್ತ ಬಂದ. ಬೆಲ್ಟು ಸರಿಯಿತ್ತು. ಚಕ್ರ ಹಿಡಿದ ಕಡೆ ಬಿಗಿಯಿತ್ತು. ಟೇಬಲ್ಲು ಅಲುಗುತ್ತಿರಲಿಲ್ಲ. ಕಟರನ್ನು ಸಾಣೆ ಹಿಡಿದು ನೋಡಿದ, ಎರಡನೆಯ ಚಕ್ರವೂ ಕೆಟ್ಟಿತು. ಮಿಲ್ಲಿನವರು ಬಾಗಿಲಲ್ಲೇ ಕಾಯುತ್ತ ಕೂತಿದ್ದರು.

"ಸರಳು ತಗದು ಸ್ಪಿಂಡಲ್ ಒಳಗ ಒಂದ್ಸಲ ನೋಡೂಣು, ತಮ್ಮಾ" ಎಂದ.

ನನಗೆ ಉರಿದುಹೋಯಿತು. "ಪೂಜಿಗೆ ನಾನಾ ತೊಳದೀನಿ. ಅಲ್ಲೇನೂ ಇಲ್ಲ. ನಿನ್ನ ಕೈ ನೋಡ್ಕ, ಹೆಂಗ ನಡುಗಾಕತ್ತೈತಿ!"

ಬೆಳಗಿನಿಂದ ಹ್ಯಾಂಡಲ್ ಒತ್ತಿ ಹಿಡಿದ ಕೈ ಅದು. ಯಾರದಾದರೂ ಅಷ್ಟು ನಡುಗುತ್ತದೆ. ಅಣ್ಣ ಅದನ್ನು ನೋಡಿಕೊಂಡ. ಮಿಷನ್ನಿನ ಮೇಲೆ ಗೋಣಿತಾಟು ಹೊದಿಸಿದ. ಮತ್ತೆ ಅದನ್ನು ಮುಟ್ಟಲಿಲ್ಲ. ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದ. ದೀಪಾವಳಿಗೆ ಮಡಕಶಿರದ ತಂಗಿಯ ಮನೆಗೆ ಹೋದವನು ಅಲ್ಲೇ ಉಳಿದುಬಿಟ್ಟ. ಹೋಗಿ ಕರೆತರಲು ನನ್ನ ಬಿಗುಮಾನ ಬಿಡಲಿಲ್ಲ. ಹಲ್ಲು ಕೊರೆಯುವ ಕೆಲಸವನ್ನೇ ನಿಲ್ಲಿಸಿ, ಲೇತಿನ ಕೆಲಸ ಮಾಡಿಕೊಂಡಿದ್ದೆ. ಬೇಸಿಗೆಯಲ್ಲಿ ಅಣ್ಣ ಜ್ವರ ಬಂದು ತೀರಿಕೊಂಡ. ಮಣ್ಣಿಗೆ ಹೋದವನು ಯಾರೊಂದಿಗೂ ಮಾತಾಡದೆ ವಾಪಸು ಬಂದೆ.

ಮುಂದಿನ ಆಯುಧಪೂಜೆಗೆ ಗೋಣಿ ತೆಗೆದು ಸರಳು ಬಿಚ್ಚಿದೆ. ಸ್ಪಿಂಡಲಿನೊಳಗೆ ಒಂದು ಮಗ್ಗುಲಿಗೆ, ಉಗುರಿಗೂ ಬಗ್ಗದಷ್ಟು ಗಟ್ಟಿಯಾಗಿ, ನನ್ನ ಕುಂಕುಮ ಕೂತಿತ್ತು. ಅಷ್ಟು ದಪ್ಪಕ್ಕೇ ಸರಳು ಓರೆಯಾಗಿ ಕಟರ್ ಬಡಿದಿತ್ತು. ಕೆರೆದು ತೆಗೆದು, ಸರಳು ಬಿಗಿದು, ಒಂದು ಕಬ್ಬಿಣದ ತುಂಡು ಕೊರೆದೆ. ನನ್ನಂಥವನ ಕೈಯಲ್ಲೂ ನುಣ್ಣಗೆ ಬಂತು. ಮಿಷನ್ನಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಆ ವಾರವೇ ಮಡಕಶಿರಕ್ಕೆ ಹೋಗಿ ತಂಗಿಗೆ ಎಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ಕಡಲೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ದೊಡ್ಡಣ್ಣ ದಿನಾ ಬೆಳಿಗ್ಗೆ ಕೈ ಚಾಚಿ, ನಡುಗ್ತೈತಾ ನೋಡು ಅಂತಿದ್ದ ಕಣಣ್ಣ. ಇಲ್ಲ ಅಂತಿದ್ದೆ. ನನ್ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದೋನೇ ಅವನು. ಆದ್ರೂ ನನ್ ಮಾತು ನಂಬ್ಲಿಲ್ಲ. 'ನಿನಗೇನ್ ತಿಳೀತೈತಿ, ತಮ್ಮ ನೋಡ್ಯಾನ' ಅಂತಿದ್ದ."