ಅಲುಗದ ಅಂಕಿ

ಬೆಳಗಿನ ಐದೂವರೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಪಕ್ಕದ ಕಿರುಕೋಣೆಯಲ್ಲಿ ವೈರಕ್ಕ ಮಂಡಿಯೂರಿ ಕೂತಿದ್ದಾರೆ. ಕಂಪ್ಯೂಟರಿನ ಬೆನ್ನಿಗೆ ಬಂದು ಸೇರುವ ಹದಿನಾರು ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ, ಸಡಿಲಾದ ಸ್ಕ್ರೂ ಬಿಗಿಸುತ್ತಾರೆ. ಪ್ರತಿ ವೈರಿಗೂ ಅಳೆದಷ್ಟು ಕರೆಂಟು ಕೊಟ್ಟು, ಪರದೆಯಲ್ಲಿ ಸರಿಯಾದ ಅಂಕಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಏಳಕ್ಕೆ ಬಾಯ್ಲರ್ ಹೊತ್ತಿಸುವ ಮುನ್ನ ಇಷ್ಟೂ ಮುಗಿಯಬೇಕು.

ಇಪ್ಪತ್ತೇಳು ವರ್ಷದಿಂದ ಅವರದು ಇದೇ ಕೆಲಸ. ಸಂಬಳದ ದಿನ ಬಿಟ್ಟರೆ ಅವರ ನಿಜವಾದ ಹೆಸರು ಯಾರಿಗೂ ಬೇಕಾಗುವುದಿಲ್ಲ.

“ಉಗಿಯ ಒತ್ತಡ, ಬಿಸಿ, ನೀರಿನ ಮಟ್ಟ ಎಲ್ಲಾ ಈ ವೈರಲ್ಲಿ ಚೂರು ಕರೆಂಟಾಗಿ ಬರುತ್ತೆ,” ಎನ್ನುತ್ತಾರೆ ವೈರಕ್ಕ. “ಒಳಗೆ ಅಂಗೈಯಷ್ಟು ಕಾರ್ಡ್ ಇದೆ. ಸರದಿ ಪ್ರಕಾರ ಒಂದೊಂದು ವೈರನ್ನೂ ನೋಡಿ ಅಂಕಿ ಮಾಡುತ್ತೆ. ಒಂದಿಷ್ಟು ಕೂಡಿಟ್ಟು ಕಂಪ್ಯೂಟರನ್ನ ಕರೆಯುತ್ತೆ, ತಗೊಂಡು ಹೋಗು ಅಂತ. ಅದು ಬರದಿದ್ರೆ ಜಾಗ ತುಂಬಿಹೋಗುತ್ತೆ. ಆಮೇಲೆ ಬಂದದ್ದೆಲ್ಲ ಹೋದಂಗೇ.”

ಸೆಕೆಂಡಿಗೆ ಸಾವಿರದಾರುನೂರು ಅಂಕಿ. ಕಾರ್ಡಿನಲ್ಲಿ ಒಂದು ಸೆಕೆಂಡಿನವು ಮಾತ್ರ ಹಿಡಿಸುತ್ತವೆ.

ನಾಲ್ಕು ವರ್ಷದ ಹಿಂದೆ, ಬೆಳಗ್ಗೆ ಹತ್ತರ ಸುಮಾರಿಗೆ ಮೇಲಧಿಕಾರಿಯೊಬ್ಬರು ತಮ್ಮ ಕೋಣೆಯಲ್ಲೇ ಕೂತು ಇದೇ ಕಂಪ್ಯೂಟರಿನಿಂದ ತಿಂಗಳ ವರದಿಗಳನ್ನು ನಕಲು ಮಾಡತೊಡಗಿದರು. ಕಂಪ್ಯೂಟರ್ ಅದರಲ್ಲೇ ಮುಳುಗಿತು. ಕಾರ್ಡಿನ ಜಾಗ ತುಂಬಿ ಅಳತೆ ನಿಂತುಹೋಯಿತು. ಪರದೆ ಮಾತ್ರ ಕೊನೆಯ ಅಂಕಿಯನ್ನೇ ತೋರಿಸುತ್ತ ಉಳಿಯಿತು. ಆರನೆಯ ನಿಮಿಷಕ್ಕೆ ಉಗಿ ಕೊಳವೆ ಸಿಡಿಯಿತು. ಪರದೆಯ ಮುಂದೆ ಕೂತಿದ್ದವರು ವೈರಕ್ಕನ ಸ್ವಂತ ಅಣ್ಣ.

ಮೈಯೆಲ್ಲ ಬೆಂದು ಆರು ದಿನ ಆಸ್ಪತ್ರೆಯಲ್ಲಿದ್ದರು. “ನಾನು ನೋಡ್ತಾನೇ ಇದ್ದೆ ಕಣೇ, ಒತ್ತಡ ಏರಲೇ ಇಲ್ಲ,” ಎಂದು ಅದನ್ನೇ ಹೇಳುತ್ತಿದ್ದರು. ಕಾರ್ಖಾನೆಯಲ್ಲಿ ಆಗಲೇ ಮಾತು ಹಬ್ಬಿತ್ತು: ನೌಕರ ಮೈಮರೆತಿದ್ದ.

“ನಾನೂ ಕೇಳಿಬಿಟ್ಟೆ,” ಎನ್ನುವಾಗ ವೈರಕ್ಕ ತಲೆ ಎತ್ತುವುದಿಲ್ಲ. “ಒಂದು ಗಳಿಗೆ ಕಣ್ಣು ಆಚೆ ಹೋಗಿತ್ತೇನೋ ಅಣ್ಣ, ಅಂತ. ಅವನು ಗೋಡೆ ಕಡೆ ಮುಖ ಮಾಡ್ಕೊಂಡ. ಆಮೇಲೆ ನನ್ನ ಹತ್ರ ಮಾತಾಡಲಿಲ್ಲ.”

ಅಣ್ಣ ತೀರಿಕೊಂಡ ಹದಿನೈದನೆಯ ದಿನ ವಿಚಾರಣೆಯ ಕಡತದಲ್ಲಿ ಆ ದಿನದ ಅಂಕಿಗಳು ಅವರ ಕೈಗೆ ಸಿಕ್ಕವು. ಆರು ನಿಮಿಷವೂ ಒತ್ತಡ ಒಂದೇ, ಕೊನೆಯ ದಶಾಂಶದವರೆಗೂ. ಉರಿಯುವ ಬಾಯ್ಲರಿನಲ್ಲಿ ಆ ಕೊನೆಯ ಅಂಕಿ ಸದಾ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ದಿನಾ ನೋಡುವ ಕಣ್ಣಿಗೆ ಥಟ್ಟನೆ ಹೊಳೆಯಿತು: ಅಳತೆಯೇ ನಿಂತಿತ್ತು, ಅಣ್ಣ ಹೇಳಿದ್ದು ನಿಜ.

ಅಧಿಕಾರಿಗಳ ಎದುರು ಹಾಳೆ ಹರವಿ ನಿಂತರು. ಕೆಲಸ ಹೋಗುತ್ತದೆಂದು ಅತ್ತಿಗೆಯೇ ತಡೆದರೂ ಕೇಳಲಿಲ್ಲ. ಏಳು ತಿಂಗಳ ಬಳಿಕ ವರದಿಯಿಂದ ‘ನೌಕರನ ನಿರ್ಲಕ್ಷ್ಯ’ ಎಂಬ ಸಾಲು ಹೋಯಿತು. ಆ ಜಾಗದಲ್ಲಿ ಬೇರೆ ಯಾರ ಹೆಸರೂ ಬರಲಿಲ್ಲ.

ಈಗ ಈ ಕಂಪ್ಯೂಟರಿಗೆ ಬೇರೆ ಕೆಲಸವಿಲ್ಲ. ಕಾರ್ಡಿನಿಂದ ಅಂಕಿ ಬರುವುದು ನಿಂತರೆ ಕಿವಿ ಕಿತ್ತುಹೋಗುವಂತೆ ಗಂಟೆ ಹೊಡೆಯುತ್ತದೆ. ಅದನ್ನು ಕೂರಿಸಿದ್ದು ವೈರಕ್ಕನೇ. ಆಚೆಯ ಎರಡು ಬಾಯ್ಲರುಗಳಲ್ಲಿ ಮಾತ್ರ ಹಳೆಯ ವ್ಯವಸ್ಥೆಯೇ ನಡೆದಿದೆ. ಅಲ್ಲೂ ಗಂಟೆ ಬೇಕೆಂಬ ಅವರ ಅರ್ಜಿ ಮೂರು ಸಲ ವಾಪಸು ಬಂದಿದೆ. ನಿವೃತ್ತಿಗೆ ಉಳಿದಿರುವುದು ಎಂಟು ತಿಂಗಳು.

“ಅವೆರಡಕ್ಕೂ ಒಂದೊಂದು ಗಂಟೆ ಹಾಕಿಸಿಬಿಟ್ರೆ ಸಾಕು,” ಎನ್ನುತ್ತ ನಾಲ್ಕನೆಯ ಅರ್ಜಿಯನ್ನು ಮಡಚುತ್ತಾರೆ. “ಅಲ್ಲಿ ಕೂತಿರೋರಿಗೂ ಮನೇಲಿ ತಂಗಿ ಇರ್ತಾಳಲ್ಲ.”