ಮೂರನೇ ಜಾಗದ ಬ್ಯಾಟರಿ

ಬೆಳಕು ಹರಿಯುವ ಹೊತ್ತಿಗೆ ಅವರು ಆಸ್ಪತ್ರೆಯ ಹಿಂಬದಿ ಕೋಣೆಯ ಬಾಗಿಲು ತೆಗೆಯುತ್ತಾರೆ. ಬಿಸಿಲೇರಿ ಚಾವಣಿಯ ಸೋಲಾರ್ ಫಲಕಗಳು ಚಾರ್ಜ್ ಮಾಡತೊಡಗಿದರೆ ಬ್ಯಾಟರಿಗಳ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ. ಮಂಡಿಯೂರಿ, ಮೀಟರಿನ ಕಡ್ಡಿಗಳನ್ನು ಒಂದೊಂದೇ ಬ್ಯಾಟರಿಗೆ ಮುಟ್ಟಿಸುತ್ತಾರೆ. ಕೊನೆಯದನ್ನೂ ನೋಡಿ ಎದ್ದು ನಿಲ್ಲುತ್ತಾರೆ.

"ಹೂಂ, ನಾಲ್ಕೂ ಒಂದೇ ಸಮ ಇವೆ. ಇನ್ನು ಉಸಿರಾಡಬಹುದು."

ಗುಡ್ಡದ ಮೇಲಿನ ಈ ಪುಟ್ಟ ಆಸ್ಪತ್ರೆಗೆ ಕರೆಂಟಿನ ಕಂಬ ಬಂದಿಲ್ಲ. ಹೆರಿಗೆ ಕೋಣೆಯ ದೀಪಕ್ಕೂ ಲಸಿಕೆ ಇಡುವ ಫ್ರಿಜ್ಜಿಗೂ ಈ ನಾಲ್ಕು ಬ್ಯಾಟರಿಗಳೇ ಗತಿ. ಅವನ್ನು ನೋಡಿಕೊಳ್ಳುವ ಇವರನ್ನು ಎಲ್ಲರೂ ಕರೆಯುವುದು 'ಬ್ಯಾಟರಿ ಅಕ್ಕ' ಎಂದು. ಮೊದಲು ಬಟ್ಟೆ ಹೊಲಿಯುತ್ತಿದ್ದರು. ಆಗ ಈ ಕೆಲಸ ಅವರ ತಮ್ಮನದಾಗಿತ್ತು.

ಒಂದು ಬೇಸಿಗೆಯಲ್ಲಿ ಫ್ರಿಜ್ಜು ನಿಂತು ಲಸಿಕೆಯೆಲ್ಲ ಹಾಳಾಯಿತು. ಮುಚ್ಚಳ ತೆರೆದರೆ ಮೂರು ಬ್ಯಾಟರಿಗಳಲ್ಲಿ ನೀರು ಬತ್ತಿತ್ತು, ಒಂದರಲ್ಲಿ ಜೀವವೇ ಇರಲಿಲ್ಲ. ನೀರು ಹಾಕದೆ ಕಾಲಾಡಿಸಿಕೊಂಡಿದ್ದ ಎಂದು ಜನ ತೀರ್ಮಾನಿಸಿಬಿಟ್ಟರು. ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರು ಮನೆ ಬಾಗಿಲಲ್ಲೇ ನಿಂತು ಬೈದರು.

"'ಹಾಕ್ತಾನೇ ಇದ್ದೆ ಅಕ್ಕ, ನೀರು ಎಲ್ಲಿಗೆ ಹೋಗತ್ತೋ ಗೊತ್ತಿಲ್ಲ' ಅಂದ. ನಾನು ನಂಬಿದೆ. ನಾನೊಬ್ಬಳು ನಂಬಿ ಏನು ಬಂತು?"

ಅವನು ಊರು ಬಿಟ್ಟ. ಈಗ ದೂರದ ಪಟ್ಟಣದ ಬೇಕರಿಯೊಂದರಲ್ಲಿ ಹಿಟ್ಟು ನಾದುತ್ತಾನೆ.

ಅವನ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಹೊಸ ಬ್ಯಾಟರಿಗಳನ್ನು ಕೂರಿಸಲು ಬಂದ ಮೆಕ್ಯಾನಿಕ್ ಬಳಿ ಅಕ್ಕ ಕೆಲಸ ಕಲಿತರು. ಆದರೆ ಹೊಸವುಗಳಲ್ಲೂ ಅದೇ ಕಥೆ: ಸಾಲಿನ ಮೂರನೆಯದರ ವೋಲ್ಟೇಜ್ ದಿನದಿನಕ್ಕೆ ಇಳಿಯತೊಡಗಿತು. ಅದನ್ನು ಮೊದಲನೇ ಜಾಗಕ್ಕೆ ಸರಿಸಿ, ಮೊದಲನೆಯದನ್ನು ಅಲ್ಲಿಗೆ ತಂದರು. ಸ್ವಲ್ಪ ದಿನದಲ್ಲಿ ಅದೂ ಸೊರಗಿತು.

"ಆಗ ತಿಳೀತು, ಕಾಯಿಲೆ ಬ್ಯಾಟರಿಗಲ್ಲ, ಆ ಜಾಗಕ್ಕೆ."

ಬ್ಯಾಟರಿಗಳ ಸ್ಟ್ಯಾಂಡ್ ಎಳೆದು ಟಾರ್ಚ್ ಬಿಟ್ಟರೆ, ಹಿಂದೆ ಸುಣ್ಣ ಮೆತ್ತಿಕೊಂಡ ಸಣ್ಣ ವೈರೊಂದು ಗೋಡೆಯೊಳಗೆ ನುಸುಳಿತ್ತು. ಆಚೆ ಬದಿಯ ವರಾಂಡದಲ್ಲಿ ಒಂದು ದೀಪ. ಅದು ಮೂರನೇ ಬ್ಯಾಟರಿಯೊಂದನ್ನೇ ಹೀರುತ್ತಿತ್ತು. ನಾಲ್ಕೂ ಒಂದೇ ಸರಪಳಿಯಲ್ಲಿ ಚಾರ್ಜ್ ಆಗುವುದರಿಂದ, ಅದರ ಕೊರತೆ ತುಂಬಿಸಲು ಹೋಗಿ ಉಳಿದ ಮೂರಕ್ಕೆ ಚಾರ್ಜ್ ಹೆಚ್ಚಾಗಿ, ನೀರು ಕುದ್ದು ಆವಿಯಾಗುತ್ತಿತ್ತು.

ವೈರ್ ಎಳೆದಿದ್ದವರು ಮುದುಕ ಕಾವಲುಗಾರ. "ಹೆರಿಗೆಗೆ ಬಂದವರ ಮನೆಯವರು ಕತ್ತಲಲ್ಲಿ ಕೂತಿರ್ತಿದ್ರು. ಒಂದು ದೀಪ ತಾನೆ ಅಂದ್ಕೊಂಡೆ ಕಣಮ್ಮ" ಎಂದು ಗಳಗಳ ಅತ್ತರಂತೆ. ಅಕ್ಕ ಅವರನ್ನು ಬೈಯದೆ ವೈರ್ ಕಿತ್ತುಹಾಕಿದರು.

ಅಂದೇ ತಮ್ಮನಿಗೆ ಫೋನ್ ಮಾಡಿದರು. ವೈರಿನ ಸಂಗತಿ ಹೇಳಿದರು. "ಈಗ ಯಾಕಕ್ಕ ಅದು?" ಎಂದನಂತೆ ಅವನು. ಅಮ್ಮನನ್ನು ನೋಡಲು ಒಮ್ಮೆ ಬಂದಾಗಲೂ ಆಸ್ಪತ್ರೆಯ ದಾರಿ ತಪ್ಪಿಸಿ, ಗುಡ್ಡ ಸುತ್ತಿ ಮನೆ ಸೇರಿದ್ದ.

"ಸ್ಟ್ಯಾಂಡ್ ಆವತ್ತೇ ಎಳೆದು ನೋಡಿದ್ದಿದ್ರೆ..." ಎನ್ನುತ್ತಾರೆ ಅಕ್ಕ.

ಹೊರಡುವಾಗ, ಪತ್ರಿಕೆಯಲ್ಲಿ ಬರೆಯಲೆಂದು ನಾನು ಹೆಸರು ಕೇಳಿದರೆ ತಲೆಯಾಡಿಸುತ್ತಾರೆ.

"ನನ್ನ ಹೆಸರು ಯಾಕೆ? ತಪ್ಪು ಆ ಹುಡುಗನದ್ದಲ್ಲ ಅಂತ ಬರೀರಿ, ಸಾಕು. ನಿಮ್ಮ ಪೇಪರ್ ಅವನಿರೋ ಊರಿಗೂ ಹೋಗತ್ತಲ್ವಾ?"